ಪರಿಚಿತ ವೈದ್ಯರೇ ಸಿಗುವ ಕ್ಲಿನಿಕ್: ಆರು ವರ್ಷಗಳ ಅನುಭವ

ಅಮ್ಮನ ರಕ್ತದೊತ್ತಡ ಮತ್ತು ಸಕ್ಕರೆ ಕಾಯಿಲೆಗಾಗಿ ಆರು ವರ್ಷಗಳಿಂದ ನಾವು ಒಂದೇ ಫ್ಯಾಮಿಲಿ ಕ್ಲಿನಿಕ್ಕಿಗೆ ಹೋಗುತ್ತಿದ್ದೇವೆ. ಅಲ್ಲಿ ನಾಲ್ವರು ವೈದ್ಯರಿದ್ದರೂ ಅಮ್ಮನನ್ನು ಮೊದಲಿನಿಂದ ನೋಡಿಕೊಂಡು ಬಂದವರು ಒಬ್ಬರೇ. ಇದರ ಬೆಲೆ ನನಗೆ ಅರಿವಾದದ್ದು ಕಳೆದ ವರ್ಷ ಅಮ್ಮನ ಪಾದಗಳು ಊದಿಕೊಂಡಾಗ.

ಆಗಷ್ಟೇ ಬಂದಿದ್ದ ಬುಕಿಂಗ್ ಆ್ಯಪ್, ಯಾರಿಗೆ ಬಿಡುವಿದೆಯೋ ಅವರ ಬಳಿಗೇ ರೋಗಿಯನ್ನು ಕಳಿಸುತ್ತಿತ್ತು. ಅಂದು ನೋಡಿದ ವೈದ್ಯರು ಸೌಜನ್ಯದಿಂದಲೇ ವಿಚಾರಿಸಿ, ಊತ ಇಳಿಯಲೆಂದು ಮೂತ್ರ ಹೆಚ್ಚಿಸುವ ಮಾತ್ರೆ ಬರೆದುಕೊಟ್ಟರು. ಊತ ಇಳಿಯಲಿಲ್ಲ, ಬದಲಿಗೆ ಎದ್ದು ನಿಂತರೆ ಅಮ್ಮನಿಗೆ ತಲೆ ಸುತ್ತತೊಡಗಿತು. ಹತ್ತು ದಿನಗಳ ನಂತರ ಸಿಕ್ಕ ನಮ್ಮ ವೈದ್ಯರು ಕಣಕಾಲನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, "ಆಮ್ಲೋಡಿಪಿನ್ ಡೋಸ್ ಹೆಚ್ಚಿಸಿ ಎಷ್ಟು ದಿನವಾಯಿತಮ್ಮಾ?" ಎಂದು ಕೇಳಿದರು. ರಕ್ತದೊತ್ತಡದ ಆ ಮಾತ್ರೆಯೇ ಕಾಲೂತ ತರಬಲ್ಲದು. ಅವರು ಅದನ್ನು ಬದಲಿಸಿ, ಮೂತ್ರ ಹೆಚ್ಚಿಸುವ ಮಾತ್ರೆಯನ್ನು ನಿಲ್ಲಿಸಿದರು. ಎರಡು ವಾರಗಳಲ್ಲಿ ಅಮ್ಮನ ಹಳೆಯ ಚಪ್ಪಲಿ ಮತ್ತೆ ಕಾಲಿಗೆ ಹಿಡಿಯಿತು. ಡೋಸ್ ಹೆಚ್ಚಿಸಿದ ವಿಷಯ ಕಂಪ್ಯೂಟರಿನ ದಾಖಲೆಯಲ್ಲೂ ಇತ್ತು, ಆದರೆ ಕೆಲವೇ ನಿಮಿಷಗಳ ಭೇಟಿಯಲ್ಲಿ ಅಪರಿಚಿತ ರೋಗಿಯ ಕಡತವನ್ನು ಪೂರ್ತಿ ಓದುವುದು ಯಾರಿಗೂ ಸುಲಭವಲ್ಲ.

ಇದು ನಮ್ಮೊಬ್ಬರ ಅನುಭವವಲ್ಲ. 2018ರಲ್ಲಿ ಬಿಎಂಜೆ ಓಪನ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಸಮೀಕ್ಷೆಯೊಂದು ಒಂಬತ್ತು ದೇಶಗಳ 22 ಅಧ್ಯಯನಗಳನ್ನು ಪರಿಶೀಲಿಸಿತು. ಅವುಗಳಲ್ಲಿ 18, ಒಬ್ಬರೇ ವೈದ್ಯರನ್ನು ಹೆಚ್ಚಾಗಿ ಕಾಣುವವರಲ್ಲಿ ಸಾವಿನ ಪ್ರಮಾಣ ಕಡಿಮೆಯಿರುವುದನ್ನು ತೋರಿಸಿದವು. ಇವು ಪ್ರಯೋಗ ಮಾಡದೆ, ಆದದ್ದನ್ನು ಗಮನಿಸಿ ದಾಖಲಿಸಿದ ಅಧ್ಯಯನಗಳಾದ್ದರಿಂದ ಕಾರಣ ಇದೇ ಎಂದು ಸಾಬೀತಾಗುವುದಿಲ್ಲ, ಆದರೂ ಕಡೆಗಣಿಸುವಂಥ ಸಂಗತಿಯಲ್ಲ.

ನಾವು ಲಿಖಿತವಾಗಿ ದೂರು ಕೊಟ್ಟ ಮೇಲೆ ಕ್ಲಿನಿಕ್ ವ್ಯವಸ್ಥೆಯನ್ನು ತಿದ್ದಿಕೊಂಡಿದ್ದು ನನಗೆ ನಿಜಕ್ಕೂ ಮೆಚ್ಚುಗೆಯಾಯಿತು. ಈಗ ಪ್ರತಿ ವೈದ್ಯರೂ ದಿನದ ಕೆಲವು ಭೇಟಿಗಳನ್ನು ಅಂದೇ ಕರೆ ಮಾಡುವ ತಮ್ಮ ಹಳೆಯ ರೋಗಿಗಳಿಗೆಂದು ಖಾಲಿ ಇಡುತ್ತಾರೆ. ಅವರು ರಜೆಯಲ್ಲಿದ್ದರೆ ಯಾರು ನೋಡುತ್ತಾರೆ ಎಂಬುದೂ ಮೊದಲೇ ಗೊತ್ತಿರುತ್ತದೆ. ಜ್ವರಕ್ಕೋ ಸಣ್ಣ ಗಾಯಕ್ಕೋ ಯಾರು ಸಿಕ್ಕರೂ ಸಾಕು, ಅಲ್ಲಿ ಬೇಗ ಸಿಗುವುದೇ ಮುಖ್ಯ. ಆದರೆ ದೀರ್ಘಕಾಲದ ಕಾಯಿಲೆಯವರಿಗೆ ಈ ಕ್ಲಿನಿಕ್ಕನ್ನು ನಾನು ಧೈರ್ಯವಾಗಿ ಸೂಚಿಸುತ್ತೇನೆ.

ಒಂದು ಕೊರತೆ ಇನ್ನೂ ಉಳಿದಿದೆ. ಬೆಳಿಗ್ಗೆ ಮೊದಲ ಅರ್ಧ ಗಂಟೆ ಫೋನ್ ಸಿಗುವುದೇ ಇಲ್ಲ; ಅಷ್ಟರಲ್ಲಿ ಆ್ಯಪ್ ಬಳಸುವವರು ಖಾಲಿ ಭೇಟಿಗಳನ್ನು ತುಂಬಿಬಿಡುತ್ತಾರೆ. ಆ್ಯಪ್ ಬಳಸಲು ಬಾರದ ಅಮ್ಮನಂಥವರಿಗೆ ಫೋನಿನಲ್ಲೇ ಕೆಲವು ಭೇಟಿಗಳನ್ನು ಮೀಸಲಿಡಬೇಕೆಂದು ಮತ್ತೊಮ್ಮೆ ಬರೆದುಕೊಟ್ಟಿದ್ದೇನೆ.