"ಒಂದು ಬ್ಯಾಗಿಗೆ 10 ಕೆ.ಜಿ. ಆಲೂಗಡ್ಡೆ" ಅಂದವರನ್ನು ನಂಬಬೇಡಿ

ದಯವಿಟ್ಟು ಈ ಆಲೂಗಡ್ಡೆ ಟವರ್ ಬ್ಯಾಗ್ ಕಿಟ್ (ಎತ್ತರದ ಚೀಲದಲ್ಲಿ ಆಲೂಗಡ್ಡೆ ಬೆಳೆಯೋ ಸಾಮಾನು) ತೆಗೆದುಕೊಳ್ಳಬೇಡಿ. ನಾನು ತೆಗೆದುಕೊಂಡು ಮೋಸ ಹೋದೆ. ಮೂರು ಬ್ಯಾಗ್, ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಎರೆಗೊಬ್ಬರ, "ಸರ್ಟಿಫೈಡ್ ಬಿತ್ತನೆ ಗಡ್ಡೆ", ಎಲ್ಲಾ ಸೇರಿ 2,850 ರೂಪಾಯಿ. ದುಡ್ಡು ಮೊದಲೇ ಹಾಕಿಸಿಕೊಂಡರು.

ಬೆಂಗಳೂರಿನ ನಮ್ಮ ತಾರಸಿಯಲ್ಲಿ ಆರು ವರ್ಷದಿಂದ ಸೊಪ್ಪು, ಬದನೆ, ಟೊಮೇಟೊ ಬೆಳೆಯುತ್ತಿದ್ದೇನೆ. ಏನೂ ಗೊತ್ತಿಲ್ಲದವಳಲ್ಲ. ಅದಕ್ಕೇ ಜಾಸ್ತಿ ನಾಚಿಕೆ ಆಗುತ್ತಿದೆ.

ಪಾರ್ಸೆಲ್ ಬಂದಿದ್ದು ಫೆಬ್ರವರಿ ಕೊನೆಗೆ. ಬೇಸಿಗೆ ಬಂತಲ್ಲ, ಈಗ ಹಾಕಬಹುದಾ ಅಂತ ಕೇಳಿದ್ದೆ. ಕೇಳಿದ್ದೆ! "ಮೇಡಂ, ನಮ್ಮ ತಳಿಗೆ ಸೀಸನ್ ಇಲ್ಲ, ವರ್ಷಪೂರ್ತಿ ಬರುತ್ತೆ" ಅಂದರು. ಗಡ್ಡೆಗಳು ಅಂಗಡಿಯವುಗಳ ಹಾಗೆ ನುಣ್ಣಗಿದ್ದವು. ಒಂದರ ಕಣ್ಣಲ್ಲೂ ಮೊಳಕೆ ಇರಲಿಲ್ಲ. ಫೋಟೋ ಕಳಿಸಿದೆ. "ಮಣ್ಣಿಗೆ ಹೋದ ಮೇಲೆ ಬರುತ್ತೆ." ಹನ್ನೆರಡರಲ್ಲಿ ಐದು ಮಣ್ಣಲ್ಲೇ ಕೊಳೆತವು. "ನೀರು ಜಾಸ್ತಿ ಹಾಕಿದ್ದೀರಿ."

ಗಿಡ ಎತ್ತರ ಆದ ಹಾಗೆಲ್ಲ ಮಣ್ಣು ತುಂಬುತ್ತಾ ಹೋಗಿ, ಪದರ ಪದರಕ್ಕೂ ಗಡ್ಡೆ ಕಟ್ಟುತ್ತೆ ಅಂದರು. ಮೂರು ಅಡಿ ತುಂಬಿಸಿದೆ. ಅದಕ್ಕೆ ಇನ್ನಷ್ಟು ಕೋಕೋಪೀಟನ್ನೂ ಅವರ ಹತ್ತಿರವೇ ಕೊಂಡೆ. ಅದು ಬೇರೆ ದುಡ್ಡು.

ಮೇ ಕೊನೆಯ ಭಾನುವಾರ ನಾದಿನಿ, ಅವಳ ಮಕ್ಕಳು, ಅರಕಲಗೂಡಿನಿಂದ ಚಿಕ್ಕಮಾವ, ಎಲ್ಲಾ ಬಂದಿದ್ದರು. ನಾನೇ ಕರೆದಿದ್ದೆ. ಟಾರ್ಪಾಲ್ ಹಾಸಿ ಮೊದಲನೇ ಬ್ಯಾಗ್ ಮಗುಚಿದೆ. ಮಣ್ಣು. ಬರೀ ಮಣ್ಣು, ಬೇರು. ಮೇಲಿನ ಎರಡು ಅಡಿಯಲ್ಲಿ ಒಂದೇ ಒಂದು ಗಡ್ಡೆ ಇಲ್ಲ. ತಳದಲ್ಲಿ ಗೋಲಿ ಗಾತ್ರದವು ನಾಲ್ಕಾರು. ಮಕ್ಕಳು ಕೆದಕುತ್ತಲೇ ಇದ್ದರು. "ಅತ್ತೆ, ಇಷ್ಟೇನಾ?" ಮೂರೂ ಬ್ಯಾಗ್ ಸೇರಿ 640 ಗ್ರಾಂ. ಆ ಹೊತ್ತಲ್ಲಿ ಯಾರ ಮುಖವನ್ನೂ ನೋಡಲು ಆಗಲಿಲ್ಲ.

ಚಿಕ್ಕಮಾವ ಊರಲ್ಲಿ ಆಲೂಗಡ್ಡೆ ಹಾಕುವವರು. ಫೋನಿನಲ್ಲಿದ್ದ ಗಡ್ಡೆಯ ಫೋಟೋ ನೋಡಿದವರೇ, "ಇದು ತಿನ್ನೋ ಗಡ್ಡೆ ಕಣಮ್ಮ. ನಮಗೆ ಬಿತ್ತನೆ ಜಲಂಧರ್‌ನಿಂದ ಬರುತ್ತೆ, ಮೊಳಕೆ ನೋಡಿಯೇ ಹಾಕೋದು. ರಾತ್ರಿ ತಂಪಿರಬೇಕು. ಬೇಸಿಗೇಲಿ ಸೊಪ್ಪು ಬರುತ್ತೆ, ಗಡ್ಡೆ ಕಟ್ಟಲ್ಲ" ಅಂದರು. ಗಡ್ಡೆ ಕಟ್ಟೋದು ಬಿತ್ತಿದ ಗಡ್ಡೆಯ ಸುತ್ತಮುತ್ತ, ಸ್ವಲ್ಪ ಮೇಲೆ ಅಷ್ಟೇ, ಮೂರು ಅಡಿ ತುಂಬಿಸಿದ್ದು ದಂಡ ಅಂತಲೂ ಹೇಳಿದರು.

ಮಾರಿದವರಿಗೆ ಎಲ್ಲಾ ಬರೆದೆ. "ನಿಮ್ಮ ತಾರಸಿ ಬಿಸಿಲಿಗೆ ನಾವು ಜವಾಬ್ದಾರರಲ್ಲ." ಸೀಸನ್ ಇಲ್ಲ ಅಂದವರು ಯಾರು? "ಗಿಡ ಬಂದಿದೆ ಅಲ್ವಾ, ಅಂದ್ರೆ ಬಿತ್ತನೆ ಸರಿ ಇದೆ." ದುಡ್ಡು ವಾಪಸ್ ಕೇಳಿದೆ. "ಮುಂದಿನ ಕಿಟ್‌ಗೆ ಇಪ್ಪತ್ತು ಪರ್ಸೆಂಟ್ ಡಿಸ್ಕೌಂಟ್ ಕೊಡ್ತೀವಿ." ಇನ್ನೊಂದು ಸಲ ಕೇಳಿದ್ದಕ್ಕೆ ನನ್ನ ನಂಬರ್ ಬ್ಲಾಕ್ ಮಾಡಿದರು.

ಕುಂಡದಲ್ಲಿ ಆಲೂಗಡ್ಡೆ ಬರೋದೇ ಇಲ್ಲ ಅಂತಲ್ಲ. ನಮ್ಮ ಕಡೆಯಾದರೆ ಅಕ್ಟೋಬರ್ ಕೊನೆ, ನವೆಂಬರ್‌ನಲ್ಲಿ ಹಾಕಿ. ಮೊಳಕೆ ಬಂದ ಬಿತ್ತನೆ ಗಡ್ಡೆಯನ್ನು ಕಣ್ಣಾರೆ ನೋಡಿ ತನ್ನಿ. 15 ಇಂಚಿನ ಬ್ಯಾಗಿಗೆ ಎರಡು ಸಾಕು. ನೀರು ನಿಲ್ಲಬಾರದು. ಗಿಡ ಗೇಣುದ್ದ ಆದಾಗ ಒಂದೆರಡು ಸಲ ಮಣ್ಣು ಏರಿಸಿ, ಇಲ್ಲದಿದ್ದರೆ ಬಿಸಿಲು ಬಿದ್ದು ಗಡ್ಡೆ ಹಸಿರಾಗುತ್ತೆ, ಅದನ್ನು ತಿನ್ನಬಾರದು. ಬ್ಯಾಗಿಗೆ ಒಂದು ಕೆ.ಜಿ. ಬಂದರೂ ಖುಷಿ ಪಡಿ. ಹತ್ತು ಕೆ.ಜಿ. ಅಂದವರಿಗೆ ದುಡ್ಡು ಹಾಕಬೇಡಿ.

ನಿನ್ನೆ ನಾದಿನಿ ಅವರ ಹೊಸ ಜಾಹೀರಾತು ಕಳಿಸಿದಳು. ಅದರಲ್ಲಿರುವುದು ನನ್ನ ಗಿಡ. ಏಪ್ರಿಲ್‌ನಲ್ಲಿ ಹಸಿರಾಗಿದ್ದಾಗ ಖುಷಿಯಿಂದ ನಾನೇ ಅವರಿಗೆ ಕಳಿಸಿದ ಫೋಟೋ. ಹಿಂದೆ ನಮ್ಮ ನೀರಿನ ಟ್ಯಾಂಕ್ ಕಾಣುತ್ತದೆ. ಕೆಳಗೆ "ಬೆಂಗಳೂರಿನ ಗ್ರಾಹಕರ ತಾರಸಿಯಲ್ಲಿ, ಬ್ಯಾಗಿಗೆ 10 ಕೆ.ಜಿ." ಅಂತ ಬರೆದಿದ್ದಾರೆ.