‘ಎಲ್ಲರಿಗೂ ಒಂದೇ’ ಎನ್ನುವ ಶಾಲಾ ಯೂನಿಫಾರ್ಮ್: ಕಾಸರಗೋಡಿನ ಅಂಗಡಿಯೊಂದರ ಸೆಟ್ ಹೇಗಿದೆ?

ಕಾಸರಗೋಡು ಪೇಟೆಯ ಜವಳಿ ಅಂಗಡಿಯೊಂದು ಹೈಸ್ಕೂಲು ಮಕ್ಕಳಿಗೆ ‘ಯುನಿಸೆಕ್ಸ್’ ಚೀಟಿ ಅಂಟಿಸಿ ಮಾರುವ ಸೆಟ್ಟಿನಲ್ಲಿ ಒಂದು ಪ್ಯಾಂಟ್, ಒಂದು ಅರ್ಧ ತೋಳಿನ ಶರ್ಟ್ ಇರುತ್ತದೆ. ಎರಡೂ ಸೇರಿ 890 ರೂಪಾಯಿ. ಹುಡುಗಿಯರಿಗೆ ಮೇಲಿನಿಂದ ಹಾಕಲು ಓವರ್‌ಕೋಟ್ ಬೇಕೆಂದರೆ 320 ಬೇರೆ. ಮೇ ತಿಂಗಳ ಕೊನೆಗೆ ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆಯ ಮನೆಗಳವರೆಲ್ಲ ಇಂಥ ಅಂಗಡಿಗಳ ಮುಂದೆ ಸಾಲುಗಟ್ಟುವುದರಿಂದ, ಅದಕ್ಕೆ ಮೊದಲೇ ಈ ಸೆಟ್ಟನ್ನು ಟೇಪು ಹಿಡಿದು ನೋಡುವುದು ಒಳ್ಳೆಯದು.

ಬಟ್ಟೆಯ ಬಗ್ಗೆ ದೊಡ್ಡ ತಕರಾರಿಲ್ಲ. ಪ್ಯಾಂಟಿನದು 65 ಪಾಲು ಪಾಲಿಯೆಸ್ಟರ್, 35 ಪಾಲು ವಿಸ್ಕೋಸ್. ಬಣ್ಣ ಬಿಡುವುದಿಲ್ಲ, ಸುಕ್ಕು ಕಡಿಮೆ, ಜುಲೈಯ ಜಡಿಮಳೆಯಲ್ಲೂ ಫ್ಯಾನಿನಡಿ ಒಂದು ರಾತ್ರಿಯಲ್ಲಿ ಒಣಗುತ್ತದೆ. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುವ ಈ ಜಿಲ್ಲೆಯಲ್ಲಿ ಅದು ಸಣ್ಣ ಗುಣವಲ್ಲ. ಹೊಲಿಗೆಯೂ ಗಟ್ಟಿ. ಕೆಟ್ಟಿರುವುದು ಕತ್ತರಿಸಿದ ಕ್ರಮ.

ಚೀಟಿ ಒಂದೇ ಆದರೂ ಅಂಗಡಿಯಲ್ಲಿ ಈ ಪ್ಯಾಂಟ್ ಎರಡು ಕಡೆ ನೇತಾಡುತ್ತದೆ, ಹುಡುಗರ ಸಾಲಿನಲ್ಲೊಂದು, ಹುಡುಗಿಯರ ಸಾಲಿನಲ್ಲೊಂದು. ಒಂದೇ ಸೈಜಿನ ಎರಡನ್ನೂ ಪಕ್ಕಪಕ್ಕ ಹಾಸಿ ಅಳೆದರೆ ಸೊಂಟ, ಪೃಷ್ಠ, ತೊಡೆ, ಕಾಲುಗಳ ನಡುವಿನ ಇಳಿತ, ಎಲ್ಲವೂ ಒಂದೇ. ಅಂದರೆ ಹುಡುಗರಿಗೆಂದು ಮಾಡಿದ ಅಚ್ಚನ್ನೇ, ಬಟ್ಟೆ ಕತ್ತರಿಸುವ ಮಾದರಿಯನ್ನೇ, ಹುಡುಗಿಯರಿಗೂ ಇಟ್ಟಿದ್ದಾರೆ. ಆದರೆ ಕಿಸೆ ಮಾತ್ರ ಬೇರೆ! ಹುಡುಗರ ಸಾಲಿನ ಪ್ಯಾಂಟಿನಲ್ಲಿ ಪಕ್ಕದ ಕಿಸೆ 24 ಸೆಂಟಿಮೀಟರ್ ಆಳ, ಹಿಂದೆ ಇನ್ನೊಂದು ಕಿಸೆ. ಹುಡುಗಿಯರ ಸಾಲಿನದರಲ್ಲಿ ಪಕ್ಕದ ಕಿಸೆ 9 ಸೆಂಟಿಮೀಟರ್, ಹಿಂದೆ ಏನೂ ಇಲ್ಲ. ದೇಹ ಬೇರೆಯಾಗುವ ಕಡೆ ಕತ್ತರಿ ಒಂದೇ ಆಯಿತು, ದೇಹ ಒಂದೇ ಇರುವ ಕಡೆ, ಅಂದರೆ ಕೈಯಲ್ಲಿ, ಬೇರೆಯಾಯಿತು. ಈ ಸೆಟ್ಟಿನ ದೋಷವೆಲ್ಲ ಇಲ್ಲಿಂದ ಹುಟ್ಟುತ್ತದೆ.

ಹದಿಮೂರು ಹದಿನಾಲ್ಕರ ವಯಸ್ಸಿನಲ್ಲಿ ಒಂದೇ ಎತ್ತರದ, ಒಂದೇ ಸೊಂಟದ ಹುಡುಗ ಹುಡುಗಿಯರಲ್ಲಿ ಹುಡುಗಿಯ ಪೃಷ್ಠದ ಸುತ್ತಳತೆ ಐದಾರು ಸೆಂಟಿಮೀಟರ್ ಹೆಚ್ಚಿರುವುದು ಸಾಮಾನ್ಯ. ಸೊಂಟಕ್ಕೆ ಸರಿಯಾದ ಸೈಜು ಕೊಂಡರೆ ಕೂತಾಗ ತೊಡೆಯ ಸಂದಿನಿಂದ ಎರಡೂ ಪಕ್ಕಕ್ಕೆ ಮೀಸೆಯಂತೆ ಗೀರು ಏಳುತ್ತದೆ, ಕಿಸೆಯ ಬಾಯಿ ತೆರೆದುಕೊಳ್ಳುತ್ತದೆ, ಕೆಲವು ತಿಂಗಳಲ್ಲಿ ಹಿಂಬದಿಯ ನಡುಹೊಲಿಗೆ ಬಿಡುತ್ತದೆ. ಪೃಷ್ಠಕ್ಕೆ ಸರಿಯಾದದ್ದು ಕೊಂಡರೆ ಬೆನ್ನ ಹಿಂದೆ ಸೊಂಟಪಟ್ಟಿ ಬಾಯಿ ಬಿಟ್ಟು ನಿಲ್ಲುತ್ತದೆ, ಬಗ್ಗಿದರೆ ಒಳ ಉಡುಪು ಕಾಣುತ್ತದೆ. ಇದನ್ನು ಕಂಡ ಮನೆಯವರು ‘ಹೆಣ್ಣುಮಕ್ಕಳಿಗೆ ಪ್ಯಾಂಟ್ ಹೊಂದುವುದಿಲ್ಲ’ ಎಂದು ತೀರ್ಮಾನಿಸುತ್ತಾರೆ. ಹೊಂದದಿರುವುದು ಹುಡುಗರ ಅಚ್ಚು. ಹಿಂಭಾಗದಲ್ಲಿ ಎರಡು ಸೆಂಟಿಮೀಟರಿನ ಎರಡು ಡಾರ್ಟು (ಮೈಯ ಆಕಾರಕ್ಕೆ ಕೂರಲು ಬಟ್ಟೆಯನ್ನು ಚೂಪಾಗಿ ಮಡಚಿ ಹಾಕುವ ಹೊಲಿಗೆ), ಸೊಂಟಪಟ್ಟಿಯ ಎರಡೂ ಪಕ್ಕದಲ್ಲಿ ಅಷ್ಟಿಷ್ಟು ಇಲಾಸ್ಟಿಕ್, ಹಿಂದಿನ ನಡುಹೊಲಿಗೆಯಲ್ಲಿ ಮೂರೂವರೆ ಸೆಂಟಿಮೀಟರ್ ಮಾರ್ಜಿನ್ ಇದ್ದರೆ ಈ ತೊಂದರೆ ಇರುವುದೇ ಇಲ್ಲ. ಈ ಪ್ಯಾಂಟಿನ ಮಾರ್ಜಿನ್ ಒಂದು ಸೆಂಟಿಮೀಟರ್ ಮಾತ್ರ, ಬಿಡಿಸಿ ಅಗಲ ಮಾಡಲು ಬಟ್ಟೆಯೇ ಉಳಿದಿಲ್ಲ. ಬೆಳೆಯುವ ಮಕ್ಕಳ ಉಡುಪಿನಲ್ಲಿ ಇದು ಗಂಡು ಹೆಣ್ಣು ಇಬ್ಬರಿಗೂ ಅನ್ಯಾಯ.

ಅಂಗಡಿಯಲ್ಲೇ ಪರೀಕ್ಷಿಸಲು ಕನ್ನಡಿಯ ಮುಂದೆ ನೆಟ್ಟಗೆ ನಿಂತರೆ ಸಾಲದು. ತಗ್ಗು ಸ್ಟೂಲಿನ ಮೇಲೆ ಕೂರಿಸಿ, ಕುಕ್ಕರಗಾಲಲ್ಲಿ ಕೂರಿಸಿ ಎಬ್ಬಿಸಿ, ಬಸ್ಸಿನ ಮೆಟ್ಟಿಲು ಹತ್ತುವಷ್ಟು ಒಂದು ಕಾಲು ಎತ್ತಿಸಿ. ಕೂತಾಗ ಸೊಂಟಪಟ್ಟಿಯ ಹಿಂದೆ ಎರಡು ಬೆರಳು ಹೋಗಬೇಕು, ಇಡೀ ಅಂಗೈ ಹೋದರೆ ಸಡಿಲ. ಪೃಷ್ಠದ ಕೆಳಗೆ ಬಟ್ಟೆ ಜೋಲುತ್ತಿದ್ದರೆ ಹಿಂಭಾಗದ ಇಳಿತ ಹೆಚ್ಚಾಗಿದೆ, ಅದನ್ನು ಟೈಲರ್ ತೆಗೆಯಬಲ್ಲರು. ಮೀಸೆ ಗೀರು ಬಿದ್ದರೆ ಮಾತ್ರ ಕೊಳ್ಳಬೇಡಿ, ಬಟ್ಟೆ ಕೂಡಿಸಲು ಆಗುವುದಿಲ್ಲ. ಕಾಲ್ತುದಿಯ ಮಡಿಕೆ ಕನಿಷ್ಠ ಐದು ಸೆಂಟಿಮೀಟರ್ ಇರಬೇಕು. ಜೂನಿನಲ್ಲಿ ನೆಲದಿಂದ ಮೂರು ಬೆರಳು ಮೇಲಕ್ಕೆ ಹೊಲಿಸಿದರೆ ಕೆಸರು ಹೀರುವುದಿಲ್ಲ, ಡಿಸೆಂಬರ್ ಹೊತ್ತಿಗೆ ಮಡಿಕೆ ಬಿಡಿಸಿಕೊಳ್ಳಬಹುದು.

ಕಿಸೆಯ ಬಗ್ಗೆ ಸ್ವಲ್ಪ ಹೆಚ್ಚು ಹೇಳಲೇಬೇಕು. ಇದು ಈ ಅಂಗಡಿಯೊಂದರ ರೋಗವಲ್ಲ. ಅಮೆರಿಕದಲ್ಲಿ 2018ರಲ್ಲಿ ‘ದಿ ಪುಡಿಂಗ್’ ಎಂಬ ಪತ್ರಿಕೆಯವರು 20 ಬ್ರ್ಯಾಂಡುಗಳ ಜೀನ್ಸ್ ಅಳೆದಾಗ ಹೆಂಗಸರ ಮುಂಗಿಸೆ ಗಂಡಸರದಕ್ಕಿಂತ ಸರಾಸರಿ 48 ಶೇಕಡಾ ಗಿಡ್ಡ, 6.5 ಶೇಕಡಾ ಕಿರಿದು ಎಂದು ಕಂಡಿತು. ಅಲ್ಲಿ ಅದು ಫ್ಯಾಷನ್ನಿನ ಮಾತು, ಇಲ್ಲಿ ಎಂಟನೇ ತರಗತಿಯ ಹುಡುಗಿಯ ದಿನದ ಮಾತು. ಕೇರಳದ ಶಾಲೆಗಳಲ್ಲಿ 2017ರಲ್ಲಿ ಶುರುವಾದ ‘ಶೀ ಪ್ಯಾಡ್’ ಯೋಜನೆ ಸ್ಯಾನಿಟರಿ ಪ್ಯಾಡನ್ನು ಶಾಲೆಯ ತನಕ ತಂದಿತು. ಆದರೆ ಬೆಂಚಿನಿಂದ ಶೌಚಾಲಯದ ತನಕ ಅದನ್ನು ಒಯ್ಯುವುದು ಹೇಗೆ? ಮಡಚಿದ ಪ್ಯಾಡು ಸುಮಾರು ಅಂಗೈಯಷ್ಟಿರುತ್ತದೆ. 9 ಸೆಂಟಿಮೀಟರ್ ಕಿಸೆಯಲ್ಲಿ ತುದಿ ಹೊರಗೆ ಇಣುಕುತ್ತದೆ. ಚೂಡಿದಾರದಲ್ಲಾದರೆ ಕಿಸೆಯೇ ಇಲ್ಲ. ಕೊನೆಗೆ ಚೀಲ ಹೆಗಲಿಗೇರಿಸಿ ಹೋಗಬೇಕು, ಕ್ಲಾಸಿಗೆಲ್ಲ ವಿಷಯ ತಿಳಿಯುತ್ತದೆ, ಇಲ್ಲವೇ ಸಂಜೆಯ ತನಕ ಬದಲಿಸದೆ ಕೂರಬೇಕು. ಮುಟ್ಟು ನಾಚಿಕೆಯ ವಿಷಯವಲ್ಲ ಎಂದು ಆರೋಗ್ಯ ಶಿಬಿರದಲ್ಲಿ ಹೇಳಿ, ಅದನ್ನು ಬಚ್ಚಿಟ್ಟು ನಡೆಯಲೇಬೇಕಾದ ಉಡುಪನ್ನು ಹೊಲಿಸಿದರೆ ಮಗು ನಂಬುವುದು ಉಡುಪನ್ನೇ.

ಅಂಗಡಿಯ ಬಾಗಿಲಲ್ಲಿ ಆಳೆತ್ತರದ ಫ್ಲೆಕ್ಸ್ ಇದೆ. ಅದರಲ್ಲಿ ಹುಡುಗ ಒಂದು ಕೈ ಕಿಸೆಯಲ್ಲಿಟ್ಟು ಇನ್ನೊಂದರಲ್ಲಿ ಫುಟ್‌ಬಾಲ್ ಹಿಡಿದಿದ್ದಾನೆ, ಹುಡುಗಿ ಎರಡೂ ಕೈಯಲ್ಲಿ ಪುಸ್ತಕವನ್ನು ಎದೆಗೆ ಒತ್ತಿ ನಿಂತಿದ್ದಾಳೆ. ಭಾರತೀಯ ಜಾಹೀರಾತು ಮಾನದಂಡ ಮಂಡಳಿ 2022ರ ಜೂನಿನಲ್ಲಿ ಲಿಂಗ ಪಡಿಯಚ್ಚುಗಳ ಬಗ್ಗೆ ಮಾರ್ಗಸೂಚಿ ಹೊರಡಿಸಿದೆ. ಇಂಥ ಊರ ಫ್ಲೆಕ್ಸನ್ನು ಅದರ ಕನ್ನಡಕದಿಂದ ಯಾರೂ ನೋಡುವುದಿಲ್ಲ. ಆದರೆ ಗಂಡು ಹೀಗೆ ನಿಲ್ಲುತ್ತಾನೆ, ಹೆಣ್ಣು ಹೀಗೆ ನಿಲ್ಲುತ್ತಾಳೆ ಎಂಬ ಪಾಠ ಅಲ್ಲಿಂದಲೇ ಕಿಸೆಯ ತನಕ ಇಳಿಯುತ್ತದೆ. ಎರಡೂ ಕೈಯಲ್ಲಿ ಪುಸ್ತಕ ಹಿಡಿದವಳಿಗೆ ಕಿಸೆ ಯಾಕೆ ಎಂದು ಅಚ್ಚು ಮಾಡುವವರಿಗೂ ಅನಿಸಿಬಿಡುತ್ತದೆ.

ಟಿವಿ ಚರ್ಚೆಗಳೂ ಇದನ್ನು ತಿದ್ದಲಿಲ್ಲ. ಎರ್ನಾಕುಳಂ ಜಿಲ್ಲೆಯ ವಳಯನ್‌ಚಿರಂಙರ ಸರಕಾರಿ ಎಲ್‌ಪಿ (ಕಿರಿಯ ಪ್ರಾಥಮಿಕ) ಶಾಲೆ 2018ರಲ್ಲಿ ಎಲ್ಲ ಮಕ್ಕಳಿಗೂ ಮುಕ್ಕಾಲು ಚಡ್ಡಿ, ಶರ್ಟ್ ಎಂದು ತೀರ್ಮಾನಿಸಿದಾಗ ಹೊರಗೆ ಹೆಚ್ಚಿನ ಸದ್ದಾಗಲಿಲ್ಲ. 2021ರ ಡಿಸೆಂಬರಿನಲ್ಲಿ ಕೋಝಿಕ್ಕೋಡಿನ ಬಾಲುಶ್ಶೇರಿ ಹೈಯರ್ ಸೆಕೆಂಡರಿ ಶಾಲೆ ಪ್ಲಸ್ ವನ್ (ಹನ್ನೊಂದನೇ ತರಗತಿ) ಮಕ್ಕಳಿಗೆ ಪ್ಯಾಂಟ್ ಶರ್ಟ್ ತಂದಾಗ ಮಲಯಾಳಂ ಚಾನೆಲ್ಲುಗಳಲ್ಲಿ ಬಿಸಿ ಚರ್ಚೆ. ಅದು ಆರುವ ಮೊದಲೇ ತಲಪಾಡಿಯ ಆಚೆ ಉಡುಪಿಯಲ್ಲಿ ಹಿಜಾಬಿನ ವಿವಾದ, 2022ರ ಮಾರ್ಚಿನಲ್ಲಿ ಕರ್ನಾಟಕ ಹೈಕೋರ್ಟಿನ ತೀರ್ಪು. ಎರಡೂ ಭಾಷೆಯ ಚಾನೆಲ್ ನೋಡುವ ನಮ್ಮ ಕಡೆಯ ಮನೆಗಳಿಗೆ ಎರಡು ಜಗಳವೂ ಬಂತು. ಕೇರಳ ಸರಕಾರ ಆ ವರ್ಷದ ಆಗಸ್ಟಿನಲ್ಲಿ ಯಾವ ಉಡುಪನ್ನೂ ಹೇರುವುದಿಲ್ಲ ಎಂದಿತು. ವಾದಗಳು ಒಂದಕ್ಕೊಂದು ವಿರುದ್ಧವಾಗಿದ್ದರೂ ಕ್ಯಾಮೆರಾ ಮಾತ್ರ ಎರಡೂ ಕಡೆ ಹುಡುಗಿಯ ಮೇಲೇ ನಿಂತಿತ್ತು. ಹುಡುಗನ ಪ್ಯಾಂಟು ಮೊದಲಿನಿಂದ ಇರುವಂಥದ್ದು, ಹಾಗಾಗಿ ಪ್ರಶ್ನೆ ಇಲ್ಲದ್ದು. ಅವನದನ್ನು ಅವಳು ಹಾಕಬೇಕೇ ಬೇಡವೇ ಎಂಬುದಷ್ಟೇ ಚರ್ಚೆ. ಇಬ್ಬರಿಗೂ ಸೇರಿ ಹೊಸದೊಂದು ಅಚ್ಚು ಬರೆಯಬಹುದೆಂದು ಹೇಳಲು ಒಬ್ಬ ಟೈಲರನ್ನೂ ಆ ಮೇಜಿಗೆ ಕರೆಯಲಿಲ್ಲ. ಚಿತ್ರ ಬದಲಾದರೆ ಮನಸ್ಸು ಬದಲಾಗುವುದಿಲ್ಲವೆಂದಲ್ಲ. 2024ರ ಜೂನಿನಲ್ಲಿ ಕೇರಳದ ಮೂರನೇ ತರಗತಿಯ ಹೊಸ ಪುಸ್ತಕದಲ್ಲಿ ಅಪ್ಪ ಅಡುಗೆಮನೆಯಲ್ಲಿ ತೆಂಗಿನಕಾಯಿ ತುರಿಯುವ ಚಿತ್ರ ಎಷ್ಟು ಮನೆಗಳಲ್ಲಿ ಮಾತಾಯಿತು! ಅದೇ ಎಚ್ಚರ ಉಡುಪಿನ ಅಚ್ಚಿಗೂ ಬೇಕಿತ್ತು.

ಶರ್ಟಿನಲ್ಲಿ ತಪ್ಪು ಕಡಿಮೆ. ಗುಂಡಿ ಎಲ್ಲರಿಗೂ ಗಂಡಸರ ಕ್ರಮದಲ್ಲಿ, ಎಡಪಟ್ಟಿ ಮೇಲೆ. ಅದರಿಂದ ಯಾರಿಗೂ ನಷ್ಟವಿಲ್ಲ, ತಮ್ಮ ತಂಗಿಯರಿಗೆ ದಾಟಿಸಲು ಅನುಕೂಲವೇ. ತೊಂದರೆ ಗುಂಡಿಗಳ ನಡುವಿನ ಅಂತರದಲ್ಲಿದೆ. 9 ಸೆಂಟಿಮೀಟರ್ ಇಟ್ಟಿದ್ದಾರೆ, ಕೈ ಮುಂದೆ ಚಾಚಿದಾಗ ಎದೆಯ ಬಳಿ ಸಂದು ಬಿಡುತ್ತದೆ. 7 ಸೆಂಟಿಮೀಟರಿಗೆ ಇಳಿಸಿ, ಒಂದು ಗುಂಡಿ ನೇರ ಎದೆಯ ಮಟ್ಟಕ್ಕೆ ಬರುವಂತೆ ಇಟ್ಟರೆ ಮುಗಿಯಿತು. ಕಾಜಾ ಹಾಕುವವರಲ್ಲಿ ಸಿದ್ಧ ಶರ್ಟಿಗೂ ನಡುವೆ ಒಂದು ಅಡಗುಗುಂಡಿ ಹಾಕಿಸಬಹುದು. ಇನ್ನೊಂದು, ಬಿಳಿ ಬಟ್ಟೆಯ ತೆಳುವು. ಚದರ ಮೀಟರಿಗೆ 100 ಗ್ರಾಮಿನ ಆಸುಪಾಸಿನ ಬಿಳಿ ಶರ್ಟು ಮಳೆಗೆ ನೆನೆದರೆ ಪಾರದರ್ಶಕ. 130 ಗ್ರಾಮಿನದು ಅಷ್ಟಾಗಿ ಅಲ್ಲ. ಅಂಗಡಿಯಲ್ಲಿ ತೂಕ ಕೇಳಿದರೆ ಹೇಳುವವರಿಲ್ಲ, ಹಾಗಾಗಿ ಒಂದು ಪದರ ಬಟ್ಟೆಯ ಅಡಿಗೆ ಬಿಲ್ ಚೀಟಿಯನ್ನಿಟ್ಟು ನೋಡಿ. ಅಕ್ಷರ ಓದಲು ಬಂದರೆ ಬೇಡ.

ಓವರ್‌ಕೋಟು ಹುಟ್ಟಿದ್ದೇ ಶರ್ಟಿನ ಈ ಎರಡು ದೋಷಗಳನ್ನು ಮುಚ್ಚಲು. ಮಾರ್ಚಿನ ಸೆಕೆಯಲ್ಲಿ ಹುಡುಗಿಗೆ ಮಾತ್ರ ಇನ್ನೊಂದು ಪದರ ಪಾಲಿಯೆಸ್ಟರ್, ಕುತ್ತಿಗೆ ಕಂಕುಳಲ್ಲಿ ಬೆವರುಸಾಲೆ, ಮೇಲೆ 320 ರೂಪಾಯಿ. ಗುಂಡಿಯ ಅಂತರ ಮತ್ತು ಬಟ್ಟೆಯ ತೂಕ ಸರಿಮಾಡಿದರೆ ಇದರ ಅಗತ್ಯ ಬಹುಮಟ್ಟಿಗೆ ತಪ್ಪುತ್ತದೆ. ಹಾಕಿಕೊಳ್ಳಲು ಇಷ್ಟಪಡುವವರು ಹಾಕಲಿ, ಹತ್ತಿಯದನ್ನು ಆರಿಸಲಿ. ಚೂಡಿದಾರ, ಶಾಲು ಬೇಕೆನ್ನುವವರಿಗೂ ಅದೇ ಮಾತು. ಆಯ್ಕೆ ಎಂದರೆ ಎರಡೂ ಉಡುಪು ಕೆಲಸಕ್ಕೆ ಬರುವಂತಿರಬೇಕು, ಎರಡರಲ್ಲೂ ಕಿಸೆ ಇರಬೇಕು.

ಈಗಾಗಲೇ ಕೊಂಡವರು ಕಿಸೆಯನ್ನು ಸರಿಪಡಿಸಿಕೊಳ್ಳಬಹುದು. ಕಿಸೆಯ ಬಟ್ಟೆ ಕಾಲು ಮೀಟರ್ ಸಾಕು. ಪ್ಯಾಂಟಿನಲ್ಲಾದರೆ ಗಿಡ್ಡ ಕಿಸೆಯ ತಳ ಬಿಡಿಸಿ, 15 ಸೆಂಟಿಮೀಟರ್ ಬಟ್ಟೆ ಜೋಡಿಸಿ, ಎರಡು ಸಾಲು ಹೊಲಿಗೆ. ಚೂಡಿದಾರದ ಟಾಪಿಗೆ ಸೊಂಟದಿಂದ ಐದು ಸೆಂಟಿಮೀಟರ್ ಕೆಳಗೆ ಪಕ್ಕದ ಹೊಲಿಗೆಯನ್ನು 15 ಸೆಂಟಿಮೀಟರ್ ಬಿಡಿಸಬೇಕು. ಟಾಪಿನ ಸೀಳು ಅದಕ್ಕಿಂತ ಮೇಲೇ ಶುರುವಾಗಿದ್ದರೆ ಕಿಸೆಯನ್ನು ಟಾಪಿನ ಬದಲು ಸಲ್ವಾರಿನ ಪಕ್ಕಕ್ಕೆ ಕೊಡಿಸಿ. 17 ಅಗಲ, 26 ಆಳದ ಚೀಲ ಕತ್ತರಿಸಿ, ಬಾಯಿಯ ಎರಡೂ ತುದಿಗೆ ಅಡ್ಡ ಹೊಲಿಗೆ ಹಾಕಿಸಿ. ಆ ಅಡ್ಡ ಹೊಲಿಗೆ ಹಾಕದಿದ್ದರೆ ಬಾಯಿ ಹರಿಯುವುದು ಖಂಡಿತ. ಹಳ್ಳಿಯ ಟೈಲರುಗಳು ಇದಕ್ಕೆ 60ರಿಂದ 100 ರೂಪಾಯಿ ತೆಗೆದುಕೊಳ್ಳುತ್ತಾರೆ, ಜೂನ್ ಮೊದಲ ವಾರದಲ್ಲಿ ಮಾತ್ರ ಕೇಳಬೇಡಿ.

ಸರಕಾರದ ಉಚಿತ ಕೈಮಗ್ಗದ ಬಟ್ಟೆ ಸಿಗುವ ಕೆಳ ತರಗತಿಗಳವರು ಈ ವಿಷಯದಲ್ಲಿ ಅದೃಷ್ಟವಂತರು, ಯಾಕೆಂದರೆ ಅದನ್ನು ಅಳತೆ ಕೊಟ್ಟು ಹೊಲಿಸುವುದು. ಒಂದೇ ಎಚ್ಚರಿಕೆ, ಹತ್ತಿ ಕುಗ್ಗುತ್ತದೆ. ಕತ್ತರಿಸುವ ಮೊದಲು ಒಂದು ರಾತ್ರಿ ನೀರಲ್ಲಿ ನೆನೆಸಿ, ಹಿಂಡದೆ ನೆರಳಲ್ಲಿ ಒಣಗಿಸಿ.

ಅಂಗಡಿಯ ಸೇವೆ ಚೆನ್ನಾಗಿದೆ. ಕನ್ನಡದಲ್ಲಿ, ತುಳುವಿನಲ್ಲಿ ಮಾತಾಡುವವರಿದ್ದಾರೆ, ಬಿಲ್ ಇದ್ದರೆ 15 ದಿನ ಸೈಜು ಬದಲಿಸಿಕೊಡುತ್ತಾರೆ. ಆದರೆ ಹುಡುಗಿಗೆ ಆಳದ ಕಿಸೆಯ ಪ್ಯಾಂಟ್ ಕೇಳಿದರೆ ‘ಅದು ಗಂಡುಮಕ್ಕಳದ್ದು’ ಎಂಬ ಉತ್ತರ. ಕೇಳಿಯೇ ಕೇಳಿ, ಹಟ ಹಿಡಿದರೆ ಕೊಡುತ್ತಾರೆ. ಬದಲಾಯಿಸುವ ಕೋಣೆಯೂ ಎರಡು ಬಣ್ಣದ ಎರಡು ಪರದೆ, ಬಿಲ್ಲಿನ ಯಂತ್ರದಲ್ಲೂ ಬಾಯ್ಸ್, ಗರ್ಲ್ಸ್ ಎರಡೇ. ಟ್ರಾನ್ಸ್‌ಜೆಂಡರ್ ನೀತಿಯನ್ನು 2015ರಲ್ಲೇ ತಂದ ರಾಜ್ಯವಿದು. ಯಾವ ಸಾಲಿಗೆ ಹೋಗಲಿ ಎಂದು ಬಾಗಿಲಲ್ಲೇ ತಡೆದು ನಿಲ್ಲುವ ಮಗುವಿಗೆ, ಸೈಜಿನ ಪ್ರಕಾರ ಜೋಡಿಸಿದ ಒಂದೇ ಸಾಲು ದೊಡ್ಡ ಉಪಕಾರ. ಅಂಗಡಿಗೆ ಅದರಿಂದ ಒಂದು ರೂಪಾಯಿ ಖರ್ಚೂ ಇಲ್ಲ.

ಒಟ್ಟಿನಲ್ಲಿ ಶರ್ಟಿಗೆ ಐದರಲ್ಲಿ ಮೂರೂವರೆ, ಹುಡುಗರ ಸಾಲಿನ ಪ್ಯಾಂಟಿಗೆ ಮೂರು, ಹುಡುಗಿಯರ ಸಾಲಿನದಕ್ಕೆ ಒಂದೂವರೆ. ಶಾಲೆಯ ಪಿಟಿಎ (ಶಿಕ್ಷಕ-ರಕ್ಷಕ ಸಂಘ) ಒಟ್ಟಾಗಿ ಆರ್ಡರ್ ಕೊಡುವುದಿದ್ದರೆ ಫೆಬ್ರವರಿಯಲ್ಲೇ ಕೊಡಿ, ಆಗ ಅಚ್ಚು ತಿದ್ದಲು ಸಮಯವಿರುತ್ತದೆ. ಆರ್ಡರ್ ಹಾಳೆಯಲ್ಲಿ ಬಣ್ಣ ಮತ್ತು ಸೈಜು ಮಾತ್ರ ಬರೆದು ಸುಮ್ಮನಾಗಬೇಡಿ. ಎಲ್ಲ ಪ್ಯಾಂಟಿಗೂ ಕಿಸೆಯ ಆಳ 24 ಸೆಂಟಿಮೀಟರ್, ಹಿಂದಿನ ಮಾರ್ಜಿನ್ ಮೂರೂವರೆ, ಪಕ್ಕದಲ್ಲಿ ಇಲಾಸ್ಟಿಕ್, ಪ್ರತಿ ಸೊಂಟದ ಅಳತೆಗೆ ಎರಡು ಪೃಷ್ಠದ ಅಳತೆ, ಮಡಿಕೆ ಐದು, ಶರ್ಟಿನ ಗುಂಡಿ ಅಂತರ ಏಳು, ಬಟ್ಟೆ 130 ಗ್ರಾಂ ಎಂದು ಬರೆಯಿಸಿ. ಎರಡು ಮಾದರಿ ಸೆಟ್ ಮೊದಲು ತರಿಸಿಕೊಂಡು ಟೇಪು ಹಿಡಿದ ಮೇಲೆಯೇ ಮುಂಗಡ ಕೊಡಿ.