ಕಿವಿಗೆ ಮೊದಲು ಯಾರು: ಜೆರೋಮ್ ಅಥವಾ ವುಡ್‌ಹೌಸ್?

ಹಳೆಯ ಬ್ರಿಟಿಷ್ ಹಾಸ್ಯವನ್ನು ಆಡಿಯೊಬುಕ್‌ನಲ್ಲಿ ಶುರು ಮಾಡುವುದಾದರೆ ನಾನು ಹೇಳುವುದು ಈ ಎರಡೇ.

ಜೆರೋಮ್ ಕೆ. ಜೆರೋಮ್ ಬರೆದ 'ಥ್ರೀ ಮೆನ್ ಇನ್ ಎ ಬೋಟ್' (1889) ಥೇಮ್ಸ್ ನದಿಯಲ್ಲಿ ಮೂವರು ಗೆಳೆಯರು, ಒಂದು ನಾಯಿಯ ಪ್ರವಾಸ. ಬಿಡಿ ಪ್ರಸಂಗಗಳೇ ಜಾಸ್ತಿ. ಅನಾನಸ್ ಡಬ್ಬಿ ಇದೆ, ಓಪನರ್ ಇಲ್ಲ! ಚಾಕು, ಕತ್ತರಿ, ಕಲ್ಲು, ಕೊನೆಗೆ ದೋಣಿಯ ಕಂಬ. ಡಬ್ಬಿ ಜಜ್ಜಿ ಜಜ್ಜಿ ಆಕಾರಗೆಟ್ಟರೂ ತೂತು ಮಾತ್ರ ಬೀಳುವುದಿಲ್ಲ. ಅಡುಗೆ ಮಾಡ್ತಾ ಕೇಳಬಹುದು, ಎರಡು ನಿಮಿಷ ತಪ್ಪಿದರೂ ಪರವಾಗಿಲ್ಲ. ಲಿಬ್ರಿವಾಕ್ಸ್ ಎಂಬ ಆಡಿಯೊಬುಕ್ ಜಾಲತಾಣದಲ್ಲಿ ಉಚಿತ. ಓದುವವರು ಸ್ವಯಂಸೇವಕರು, ಹಾಗಾಗಿ ದನಿ ಹಿಡಿಸುತ್ತದಾ ಅಂತ ಮೊದಲು ನೋಡಿಕೊಳ್ಳಿ.

ವುಡ್‌ಹೌಸರ 'ದ ಕೋಡ್ ಆಫ್ ದ ವೂಸ್ಟರ್ಸ್' (1938) ಹಾಗಲ್ಲ. ಹಸುವಿನ ಆಕಾರದ ಬೆಳ್ಳಿಯ ಕೆನೆಪಾತ್ರೆಯೊಂದರ ಸುತ್ತ ಗಂಟಿನ ಮೇಲೆ ಗಂಟು. ಗಮನ ತಪ್ಪಿದರೆ ಎಳೆ ಸಿಗುವುದಿಲ್ಲ. ಆದರೆ ಕಥೆ ಹೇಳುವವನು ಕಥಾನಾಯಕ ಬರ್ಟಿ ವೂಸ್ಟರ್‌ನೇ ಅಲ್ವಾ, ಕೇಳಲಿಕ್ಕೆಂದೇ ಬರೆದಂತಿದೆ. ನಟ ಜೊನಾಥನ್ ಸೆಸಿಲ್ ಓದಿದ್ದನ್ನೇ ಆರಿಸಿ. ಬರ್ಟಿಯ ಗಾಬರಿ, ಅವನ ಸೇವಕ ಜೀವ್ಸ್‌ನ ತಣ್ಣನೆಯ ಉತ್ತರ ಎರಡೂ ಒಂದೇ ಗಂಟಲಲ್ಲಿ! ಕೊಟ್ಟ ದುಡ್ಡಿಗೆ ಮೋಸವಿಲ್ಲ.

ಬ್ರಿಟಿಷ್ ಉಚ್ಚಾರಣೆ ಹೊಸದಾದರೆ ಜೆರೋಮ್, ರೂಢಿಯಿದ್ದರೆ ವುಡ್‌ಹೌಸ್. ಯಾವುದಾದರೂ ಸರಿ, ವೇಗ ಹೆಚ್ಚಿಸಬೇಡಿ. ನಗು ಇರುವುದು ಆ ಚಿಕ್ಕ ಚಿಕ್ಕ ಮೌನಗಳಲ್ಲಿ.